ಚೆಕ್ ಎಂಜಿನ್: ಕೆಲವು ಟಿಪ್ಪಣಿಗಳು

1
ಮಾಗಡಿ ರಸ್ತೆ ಬದಿಯ ಗ್ಯಾರೇಜು. ಕೀ ಆನ್, ಎಂಜಿನ್ ಆಫ್. ಸ್ಕ್ಯಾನರ್‌ನಲ್ಲಿ ಗಾಳಿಯ ಒತ್ತಡ ಅಳೆಯುವ ಎಂಎಪಿ ಸೆನ್ಸರ್ 91 ಕಿಲೋಪಾಸ್ಕಲ್ ತೋರಿಸುತ್ತಿದೆ. ಸಮುದ್ರಮಟ್ಟದಲ್ಲಿ ಅದು 101 ಇರಬೇಕು. ಸೆನ್ಸರ್ ಕೆಟ್ಟಿಲ್ಲ, ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ. ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟಿದರೆ ಇದೇ ಸೆನ್ಸರ್ 101ರ ಹತ್ತಿರ ಬರುತ್ತದೆ.

2
ಮೆಕ್ಯಾನಿಕ್ ಕೂಲೆಂಟ್ ಟೆಂಪರೇಚರ್ ಸೆನ್ಸರಿನ ಕನೆಕ್ಟರ್ ಕಳಚಿದರು. ಪರದೆ ಮೇಲೆ ಮೈನಸ್ 40 ಡಿಗ್ರಿ. ಹೊರಗೆ ಏಪ್ರಿಲ್ ಬಿಸಿಲು. ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗತೊಡಗಿತು. ಅಷ್ಟು ಚಳಿಗೆ ಫ್ಯಾನ್ ಯಾಕೆ?
"ಆ ಲೆಕ್ಕಾನ ಇಸಿಯು, ಅದೇ ಎಂಜಿನ್ ಕಂಪ್ಯೂಟರು, ನಂಬಲ್ಲ ಸರ್."

3
ಆಕ್ಸಿಜನ್ ಸೆನ್ಸರ್ ಸ್ಪಾರ್ಕ್ ಪ್ಲಗ್ಗಿನ ಹಾಗೇ ಕಾಣುತ್ತದೆ. ಸುಮಾರು 300 ಡಿಗ್ರಿ ಕಾಯುವವರೆಗೆ ಬಾಯಿಬಿಡುವುದಿಲ್ಲ. ಆಮೇಲೆ 0.1 ವೋಲ್ಟ್, 0.9, ಮತ್ತೆ 0.1. ಹೀಗೆ ಏರಿಳಿಯುತ್ತಿದ್ದರೆ ಸರಿ, ನಿಂತರೆ ಅನುಮಾನ. ಕ್ಯಾಟಲಿಟಿಕ್ ಕನ್ವರ್ಟರ್ ಆಚೆಗೂ ಅಂಥದೇ ಒಂದಿದೆ. ಅದು ಏರಿಳಿದರೆ ಅನುಮಾನ.

4
ಈ ಸೆನ್ಸರ್ ಮೊದಲು ಬಂದದ್ದು 1976ರಲ್ಲಿ, ವೋಲ್ವೊ ಕಾರಿಗೆ. ಮಾಡಿದ್ದು ಬಾಷ್. ಬೆಂಗಳೂರಿನ ಹಳಬರ ಬಾಯಲ್ಲಿ ಆ ಕಂಪನಿ ಇನ್ನೂ ಮೈಕೊ.

5
ಒಂದು ಪ್ಲಗ್ಗಿನಲ್ಲಿ ಕಿಡಿ ಇಲ್ಲ. ಗಾಡಿ ಮಿಸ್ಸಿಂಗ್. ಸೈಲೆನ್ಸರ್ ಹತ್ತಿರ ನಿಂತರೆ ಹಸಿ ಪೆಟ್ರೋಲ್ ವಾಸನೆ. ಆಕ್ಸಿಜನ್ ಸೆನ್ಸರ್ ಮಾತ್ರ ಪೆಟ್ರೋಲ್ ಸಾಲದು ಎನ್ನುತ್ತದೆ. ಅದಕ್ಕೆ ತಿಳಿಯುವುದು ಉರಿಯದೆ ಉಳಿದ ಆಮ್ಲಜನಕ ಒಂದೇ. ಇದನ್ನು ಇಸಿಯು ನಂಬುತ್ತದೆ. ಇನ್ನಷ್ಟು ಪೆಟ್ರೋಲ್ ಬಿಡುತ್ತದೆ.

6
ಸ್ಕ್ಯಾನರ್‌ನಲ್ಲಿ ಕೋಡ್ ಪಿ0171. ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಓನರ್ ಬೇರೆಲ್ಲೋ ಹೊಸ ಸೆನ್ಸರ್ ಹಾಕಿಸಿಕೊಂಡೇ ಬಂದಿದ್ದರು. ಹುಡುಗ ಇನ್‌ಟೇಕ್ ಪಕ್ಕದ ರಬ್ಬರ್ ಪೈಪಿಗೆ ಕಾರ್ಬ್ ಕ್ಲೀನರ್ ಹೊಡೆದ. (ಆ ಕಾರಿಗೆ ಕಾರ್ಬುರೇಟರ್ ಇಲ್ಲ.) ಎಂಜಿನ್ ಸದ್ದು ಬದಲಾಯಿತು. ಪೈಪಿನ ಅಡಿಯಲ್ಲಿ ಉಗುರಗಲದ ಸೀಳು.

7
ಕೋಡ್ ಅಳಿಸಲು ಒಂದು ಬಟನ್ ಸಾಕು. ಸೀಳು ಅಳಿಯುವುದಿಲ್ಲ.

8
ಒಂದು ಕೆಜಿ ಪೆಟ್ರೋಲಿಗೆ 14.7 ಕೆಜಿ ಗಾಳಿ, ಇದು ಪುಸ್ತಕದ ಲೆಕ್ಕ. ಎಥನಾಲ್ ಬೆರೆತರೆ ಅಷ್ಟು ಗಾಳಿ ಬೇಡ. 20% ಎಥನಾಲ್ ಬೆರೆತ ಇ20 ಮಾರಾಟಕ್ಕೆ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಹಳೆಯ ಗಾಡಿಗಳ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲ್ ಹೆಚ್ಚುಕಮ್ಮಿ ಮಾಡುವ ಲೆಕ್ಕ, ಈಗ ಪ್ಲಸ್ ಕಡೆ ಸರಿದಿರುತ್ತದೆ. ಹುಡುಕಿದರೂ ಕೆಟ್ಟ ಭಾಗ ಸಿಗುವುದಿಲ್ಲ.

9
ರಾಜಾಜಿನಗರದ ಪೆಟ್ರೋಲ್ ಬಂಕಿನ ಮೂಲೆ, ಎಮಿಷನ್ ಟೆಸ್ಟ್. ಐಡ್ಲಿಂಗಿನಲ್ಲಿ ಕಾರ್ಬನ್ ಮೊನಾಕ್ಸೈಡ್ 0.3% ಮೀರಬಾರದು. ಪ್ರೋಬ್ ಸೈಲೆನ್ಸರ್ ಒಳಗೆ. ನಂಬರ್ ಪ್ಲೇಟ್ ಫೋಟೊ. ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಎಂಜಿನ್ ಲೈಟ್ ಉರಿಯುತ್ತಲೇ ಇತ್ತು. ಅದನ್ನು ಯಾರೂ ಕೇಳಲಿಲ್ಲ. ಸರ್ಟಿಫಿಕೇಟ್ ಕೈಗೆ ಬಂತು. ಬಿಎಸ್-4 ಕಾರಿಗೆ ಅದು ಒಂದು ವರ್ಷ ನಡೆಯುತ್ತದೆ.