ಒಂದು ಪೋಲಿ ಚಿತ್ರದ ಪ್ರಸಂಗ

ಪಾಠಶಾಲೆಯಲ್ಲಿ ಕಾವ್ಯನಾಟಕಗಳನ್ನು ಓದಿ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಉಪಾಧ್ಯಾಯ ವೃತ್ತಿಯಲ್ಲಿದ್ದು ನಿವೃತ್ತನಾದವನು ನಾನು. ಅಂತಹವನು, ಗಂಡಸರು ಬಟ್ಟೆ ಕಳಚಿ ಕುಣಿಯುವ ಇಂಗ್ಲಿಷ್ ಚಿತ್ರವೊಂದರ ವಿಚಾರವಾಗಿ ಬರೆಯಹೊರಟರೆ ವಾಚಕರು ನಕ್ಕಾರು. ನಗಲಿ, ನಾನೂ ಮೊದಲು ಸಿಡಿಮಿಡಿಗೊಂಡು, ಆಮೇಲೆ ನಕ್ಕವನೇ.

ಚಿತ್ರದ ಹೆಸರು ‘ದಿ ಫುಲ್ ಮಾಂಟಿ’. 1997ರಲ್ಲಿ ತೆರೆಗೆ ಬಂದುದು. ಸೈಮನ್ ಬ್ಯೂಫಾಯ್ ಬರೆದು, ಪೀಟರ್ ಕಟಾನಿಯೊ ನಿರ್ದೇಶಿಸಿದುದು. ಮರುವರ್ಷ ಆಸ್ಕರ್ ಪಾರಿತೋಷಕಕ್ಕಾಗಿ ಶ್ರೇಷ್ಠ ಚಿತ್ರಗಳ ಪಂಕ್ತಿಯಲ್ಲಿ ಇದಕ್ಕೂ ಸ್ಥಾನ ದೊರೆಯಿತು. ಕಥೆ ನಡೆಯುವುದು ಇಂಗ್ಲೆಂಡಿನಲ್ಲಿ ಉಕ್ಕಿಗೆ ಹೆಸರಾದ ಶೆಫೀಲ್ಡ್ ನಗರದಲ್ಲಿ. ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡ ಗ್ಯಾಜ್ ಎಂಬವನು, ಬೇರೆಯಾದ ಹೆಂಡತಿಗೆ ಮಗನ ಜೀವನಾಂಶವನ್ನು ಕೊಡಲಾರದೆ, ಮಗನೆಲ್ಲಿ ಕೈತಪ್ಪುವನೋ ಎಂದು ಹೆದರಿ, ಹೆಂಗಸರ ಮುಂದೆ ಬಟ್ಟೆ ಕಳಚಿ ಕುಣಿದು ಹಣ ಸಂಪಾದಿಸುವ ಉಪಾಯ ಹೂಡುತ್ತಾನೆ. ಹೀಗೆ ಆರು ಮಂದಿ ಕೂಡುತ್ತಾರೆ. ಒಬ್ಬನಿಗೆ ಬೊಜ್ಜಿನ ಚಿಂತೆ, ಇನ್ನೊಬ್ಬನಿಗೆ ವಯಸ್ಸಿನ ಚಿಂತೆ. ಅವರ ಮಾತುಗಳಂತೂ ಮಡಿವಂತರ ಕಿವಿಗೆ ಹಿತವಾದುವಲ್ಲ.

ಶೃಂಗಾರದಿಂದ ಹಾಸ್ಯವು ಹುಟ್ಟುವುದೆಂದು ಭರತಮುನಿಯೇ ಹೇಳಿರುವನು. ಮಹೇಂದ್ರವರ್ಮನ ‘ಮತ್ತವಿಲಾಸ’ದಲ್ಲಿ ಕುಡಿದ ಕಾಪಾಲಿಕನು ಕಳೆದ ಕಪಾಲವನ್ನು ಹುಡುಕಿ ಅಲೆಯುವುದನ್ನು ಓದಿ ಆನಂದಪಟ್ಟ ನಾನು ಇದಕ್ಕೆ ಮೂಗು ಮುರಿಯುವುದು ನ್ಯಾಯವಲ್ಲವೆಂದು ಸಮಾಧಾನ ತಂದುಕೊಂಡು ಕುಳಿತೆನು. ಕುಳ್ಳಿರಿಸಿದವನು ನನ್ನ ಮಗ. “ಅಪ್ಪಾ, ಇದೊಂದನ್ನು ಪೂರ್ತಿ ನೋಡಿ” ಎಂದು ಮಾತ್ರ ಹೇಳಿದ್ದನು.

ಆ ಆರು ಮಂದಿಯಲ್ಲಿ ಜೆರಾಲ್ಡ್ ಎಂಬವನು ಹಿಂದೆ ಅವರ ಮೇಸ್ತ್ರಿಯಾಗಿದ್ದವನು. ಕೆಲಸ ಹೋಗಿ ಆರು ತಿಂಗಳಾದರೂ ಹೆಂಡತಿಗೆ ತಿಳಿಸದೆ, ದಿನವೂ ಕೆಲಸಕ್ಕೆ ಹೋಗುವವನಂತೆ ನಟಿಸುತ್ತಾನೆ. ಸಾಲದವರು ಬಂದು ಮನೆಯ ಸಾಮಾನುಗಳನ್ನು ಹೊತ್ತೊಯ್ದಾಗ ಗುಟ್ಟು ಬಯಲಾಗುತ್ತದೆ. ಅಲ್ಲಿಂದ ಮುಂದೆ ನನಗೆ ನಗು ಬರಲಿಲ್ಲ.

ಏಕೆಂದರೆ ನಮ್ಮ ಮನೆಯಲ್ಲಿಯೂ ಇದು ನಡೆದಿತ್ತು. ನನ್ನ ಮಗನು ಕೆಲಸ ಕಳೆದುಕೊಂಡು ಮೂರು ತಿಂಗಳ ಕಾಲ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟು ಸಂಜೆ ಹಿಂದಿರುಗುತ್ತಿದ್ದನು. ತಿಳಿದ ದಿನ ನಾನು ಸತ್ಯದ ಮಹಿಮೆಯನ್ನು ಕುರಿತು ಉಪನ್ಯಾಸ ಮಾಡಿದೆನೇ ಹೊರತು ಬೇರೇನನ್ನೂ ಕೇಳಲಿಲ್ಲ. ಬೇರೆ ಕೆಲಸ ಸಿಕ್ಕ ಮೇಲೂ ನಮ್ಮಿಬ್ಬರಲ್ಲಿ ಬೇಕಾದಷ್ಟೇ ಮಾತು.

ಚಿತ್ರದ ಕೊನೆಯಲ್ಲಿ ರಂಗವನ್ನೇರಲು ಹಿಂಜರಿಯುವ ಗ್ಯಾಜನನ್ನು ಗದರಿಸಿ ಕಳುಹಿಸುವವನು ಅವನ ಚಿಕ್ಕ ಮಗನೇ. ಆರು ಮಂದಿಯೂ ಬಟ್ಟೆಯನ್ನೆಲ್ಲಾ ಕಳಚುತ್ತಾರೆ. ನಮಗೆ ಕಾಣುವುದು ಅವರ ಬೆನ್ನು ಮಾತ್ರ. ಅಷ್ಟು ಹೊತ್ತಿಗೆ ಅವರು ಬಚ್ಚಿಟ್ಟಿದ್ದ ಸಂಕಟಗಳೆಲ್ಲ ಒಬ್ಬರಿಗೊಬ್ಬರು ತಿಳಿದಿರುತ್ತವೆ. ಬಟ್ಟೆ ಕಳಚುವುದು ಆಮೇಲಿನ ಮಾತು.

ದೀಪ ಹಾಕಿದ ಮೇಲೆ ಕೇಳಿದೆನು: “ಆಗ ಹಗಲೆಲ್ಲಾ ಎಲ್ಲಿರುತ್ತಿದ್ದೆಯಪ್ಪಾ?”

“ಗ್ರಂಥಾಲಯದಲ್ಲಿ. ಮಧ್ಯಾಹ್ನ ಅದರ ಮೆಟ್ಟಲಮೇಲೆ ಕುಳಿತು ಡಬ್ಬಿ ಬಿಚ್ಚುತ್ತಿದ್ದೆ.”

“ನನಗೆ ಹೇಳಬಾರದಾಗಿತ್ತೇ?”

“ಒಂದು ದಿನವೂ ಶಾಲೆ ತಪ್ಪಿಸದ ನಿಮಗೆ ಹೇಗೆ ಹೇಳಲಿ, ಅಪ್ಪಾ?”

ನನ್ನ ನಿಷ್ಠೆಯೇ ಅವನ ಬಾಯಿಗೆ ಬೀಗ ಹಾಕಿತ್ತೆಂದು ಅಂದು ತಿಳಿಯಿತು. ತಪ್ಪು ನನ್ನದೂ ಉಂಟೆಂದು ಹೇಳಿದೆನು. ಆ ರಾತ್ರಿ ಬಹಳ ಹೊತ್ತು ಮಾತನಾಡಿದೆವು.