ಬೈಲಕುಪ್ಪೆಯ ಹಳದಿ ಪುಸ್ತಕ

ಮೈಸೂರಿನಿಂದ ಪಶ್ಚಿಮಕ್ಕೆ ಹೊರಟು, ಹುಣಸೂರು ಪಿರಿಯಾಪಟ್ಟಣಗಳನ್ನು ದಾಟಿ, ಸುಮಾರು 80 ಕಿಲೋಮೀಟರು ಸಾಗಿದರೆ ಬೈಲಕುಪ್ಪೆ ಸಿಕ್ಕುವುದು. ದಾರಿಯ ಎರಡು ಕಡೆಗಳಲ್ಲಿಯೂ ಹೊಗೆಸೊಪ್ಪಿನ ಹೊಲಗಳು. ನಡುನಡುವೆ ಸೊಪ್ಪನ್ನು ಹದಗೊಳಿಸುವ ಬ್ಯಾರನ್ನುಗಳು. ಊರಿನಿಂದ ಸ್ವಲ್ಪ ದೂರದಲ್ಲಿಯೇ ಕಾವೇರಿ. ಹೊಳೆಯಾಚೆ ಕೊಡಗಿನ ಕುಶಾಲನಗರ. ಇಲ್ಲಿಗೆ ಬರುವ ಯಾತ್ರಿಕರಲ್ಲಿ ಬಹುಮಂದಿ ನಾಮ್‌ಡ್ರೋಲಿಂಗ್ ಮಠದ ಸ್ವರ್ಣಮಂದಿರವನ್ನು ಹೊಕ್ಕು, ಬುದ್ಧ, ಪದ್ಮಸಂಭವ, ಅಮಿತಾಯುಗಳ ಹೊಂಬಣ್ಣದ ಮಹಾಮೂರ್ತಿಗಳನ್ನು ಕಂಡು, ಹೊತ್ತಿಗೆ ಮುಂಚೆ ಹಿಂದಿರುಗುವರು. ನಾವೂ ಹಿಂದೆ ಎರಡು ಸಲ ಹಾಗೆಯೇ ಮಾಡಿದ್ದೆವು. ಈ ಸಲ ಪರಿಚಿತರೊಬ್ಬರ ಮನೆಯಲ್ಲಿ ಒಂದು ಮಧ್ಯಾಹ್ನವನ್ನು ಕಳೆಯುವ ಸುಯೋಗ ಒದಗಿತು. ಮಂದಿರದಲ್ಲಿ ಕಂಡುದಕ್ಕಿಂತ ಆ ಮನೆಯಲ್ಲಿ ಕೇಳಿದುದೇ ನಮ್ಮ ಮನಸ್ಸಿನಲ್ಲಿ ಹೆಚ್ಚಾಗಿ ನಿಂತಿರುವುದು.

1959ರಲ್ಲಿ ದಲಾಯಿ ಲಾಮಾ ಅವರು ಟಿಬೆಟ್ಟನ್ನು ಬಿಟ್ಟು ಭಾರತಕ್ಕೆ ಬಂದರಷ್ಟೆ. ಅವರ ಹಿಂದೆ ಸಹಸ್ರಾರು ಜನ ಹಿಮಾಲಯವನ್ನು ದಾಟಿ ಬಂದರು. ಅವರಲ್ಲಿ ಕೆಲವರಿಗೆ ನೆಲೆ ಕಲ್ಪಿಸಲೆಂದು ಆಗಿನ ಮೈಸೂರು ರಾಜ್ಯದ ಸರ್ಕಾರವು ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುನೆಲವನ್ನು ಗುತ್ತಿಗೆಗೆ ಕೊಟ್ಟಿತು. ಚಳಿಯ ನಾಡಿನ ಆ ಜನ ಇಲ್ಲಿಯ ಬಿಸಿಲನ್ನೂ ಆನೆಗಳ ಹಾವಳಿಯನ್ನೂ ಸಹಿಸಿ, ಮರ ಕಡಿದು, ಮೆಕ್ಕೆಜೋಳವನ್ನು ಬೆಳೆದರು. ಇಂದು ಅವರ ಮೊಮ್ಮಕ್ಕಳು ನಮ್ಮಂತೆಯೇ ಕನ್ನಡವನ್ನಾಡುವರು.

ನಾವು ಹೋದ ಮನೆಯಲ್ಲಿ ಐದು ಜನ. ಅಜ್ಜಿ ಟಿಬೆಟ್ಟಿನಲ್ಲಿ ಹುಟ್ಟಿದಾಕೆ. ಆಕೆಯ ದಾಖಲೆಯಲ್ಲಿ ಹುಟ್ಟಿದ ವರ್ಷವುಂಟು, ದಿನವಿಲ್ಲ. ಯಜಮಾನರು 1980ರಲ್ಲಿ ಇಲ್ಲಿಯೇ ಹುಟ್ಟಿದವರು. ಚಳಿಗಾಲ ಬಂದೊಡನೆ ಉತ್ತರದ ಪಟ್ಟಣಗಳಿಗೆ ಹೋಗಿ ಸ್ವೆಟರು ಮಾರುವರು. ಅವರ ಹೆಂಡತಿ ಹನ್ನೆರಡು ವರ್ಷದ ಬಾಲೆಯಾಗಿದ್ದಾಗ, 1990ರಲ್ಲಿ, ಟಿಬೆಟ್ಟಿನಿಂದ ನೇಪಾಳದ ಮಾರ್ಗವಾಗಿ ನಡೆದು ಬಂದಾಕೆ. ಮಗಳು ಹುಟ್ಟಿದ್ದು 2002ರಲ್ಲಿ, ಮಗ 2006ರಲ್ಲಿ. ಈ ಮಗನಿಗೆ ಹೊರದೇಶದ ವಿದ್ಯಾಲಯವೊಂದರಲ್ಲಿ ಪ್ರವೇಶ ದೊರೆತಿತ್ತು. ಶುಲ್ಕದ ಮೊದಲ ಕಂತನ್ನು ನೆಂಟರೆಲ್ಲ ಸೇರಿ ಕಟ್ಟಿದ್ದರು. ಉಳಿದುದು ವಿದ್ಯಾರ್ಥಿ ವೀಸಾ ಒಂದೇ.

ಉಪ್ಪು ಬೆರೆಸಿದ ಬೆಣ್ಣೆಯ ಚಹವನ್ನು ನಮ್ಮ ಮುಂದಿಟ್ಟು ಯಜಮಾನರು ಅರ್ಜಿಯ ಪ್ರತಿಯನ್ನು ತೋರಿಸಿದರು. “ನೋಡಿ ಸ್ವಾಮಿ, ನಿನ್ನ ರಾಷ್ಟ್ರ ಯಾವುದು, ನಿನ್ನ ತಂದೆಯದು ಯಾವುದು, ತಾಯಿಯದು ಯಾವುದು ಎಂದು ಮೂರು ಪ್ರಶ್ನೆ. ಮೂರಕ್ಕೂ ನಮ್ಮಲ್ಲಿ ಸರಿಯಾದ ಉತ್ತರವಿಲ್ಲ” ಎಂದರು.

ವಾಚಕರಿಗೆ ಇದು ವಿಚಿತ್ರವಾಗಿ ತೋರಬಹುದು. ನಮ್ಮ ಪೌರತ್ವದ ಕಾಯಿದೆ 1955ರದು. ಅದರಂತೆ 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಈ ನೆಲದಲ್ಲಿ ಹುಟ್ಟಿದವರು, ರಾಯಭಾರಿಗಳ ಮಕ್ಕಳೇ ಮೊದಲಾದ ಕೆಲವರ ಹೊರತು, ಹುಟ್ಟಿನಿಂದಲೇ ಭಾರತೀಯರು. ಆ ಬಳಿಕ, 2004ರ ಡಿಸೆಂಬರ್ 3ಕ್ಕೆ ಮುಂಚೆ ಹುಟ್ಟಿದವರಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಆಮೇಲೆ ಹುಟ್ಟಿದವರಿಗೆ ಇಬ್ಬರೂ ಭಾರತೀಯರಾಗಿರಬೇಕು; ಇಲ್ಲವೆ ಒಬ್ಬರು ಭಾರತೀಯರಾಗಿದ್ದು, ಮತ್ತೊಬ್ಬರು ಮಗು ಹುಟ್ಟಿದಾಗ ಅಕ್ರಮ ವಲಸಿಗರಾಗಿರಬಾರದು. ಈ ಲೆಕ್ಕದಲ್ಲಿ ಯಜಮಾನರು ಭಾರತೀಯರು. ಅವರಿಂದಾಗಿ ಮಗಳೂ ಭಾರತೀಯಳು. ಮಗನ ವಿಷಯ ಬಂದಾಗ ಮಾತ್ರ, ಹನ್ನೆರಡು ವರ್ಷದ ಬಾಲೆ ಕಾಗದವಿಲ್ಲದೆ ಗಡಿ ದಾಟಿದ ಆ ಹಳೆಯ ಸಂಗತಿ ಮೇಲೆದ್ದು ಬರುವುದು. ಒಂದೇ ಒಡಲಲ್ಲಿ ಹುಟ್ಟಿದ ಅಕ್ಕತಮ್ಮಂದಿರ ನಡುವೆ ಒಂದು ತಾರೀಖು ಗೋಡೆಯಾಗಿ ನಿಂತಿರುವುದು.

ಯಜಮಾನರ ಹಕ್ಕು ಕೂಡ ಸುಲಭವಾಗಿ ಸಿದ್ಧಿಸಿದುದಲ್ಲ. ಟಿಬೆಟ್ಟಿಗರು ಬಹುಕಾಲ ನೋಂದಣಿ ಪತ್ರ ಹೊಂದಿದ ವಿದೇಶೀಯರೆಂದೇ ಎಣಿಸಲ್ಪಟ್ಟಿದ್ದರು. 1986ರಲ್ಲಿ ಕಾಂಗ್ರಾದಲ್ಲಿ ಹುಟ್ಟಿದ ನಾಮ್‌ಗ್ಯಾಲ್ ಡೋಲ್ಕರ್ ಎಂಬವರ ಮೊಕದ್ದಮೆಯಲ್ಲಿ 2010ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು, ಹಿಂದೊಮ್ಮೆ ತನ್ನನ್ನು ಟಿಬೆಟ್ಟಿನವಳೆಂದು ಬರೆದುಕೊಂಡ ಮಾತ್ರಕ್ಕೆ ಹುಟ್ಟಿನಿಂದ ಬಂದ ಪೌರತ್ವ ಹೋಗದೆಂದು ತೀರ್ಪಿತ್ತಿತು. 2013ರಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದೇ ಹಾದಿಯನ್ನು ಹಿಡಿಯಿತು. 2017ರಲ್ಲಿ ಕೇಂದ್ರ ಸರ್ಕಾರವೂ ಇಂಥವರಿಗೆ ಪಾಸ್‌ಪೋರ್ಟು ಕೊಡಲೊಪ್ಪಿತು. ಆದರೆ ಅದೇ ವರ್ಷ ಷರತ್ತುಗಳೂ ಬಂದವು: ನೋಂದಣಿ ಪತ್ರವನ್ನು ರದ್ದುಪಡಿಸಬೇಕು; ನಿರಾಶ್ರಿತರ ವಸತಿಯಲ್ಲಿ ವಾಸಿಸಕೂಡದು; ಅಲ್ಲಿಯ ಸೌಕರ್ಯಗಳನ್ನು ಬಿಡಬೇಕು.

ಮಗಳು ಪಾಸ್‌ಪೋರ್ಟು ಪಡೆದಳು. ಈಗ ಬೆಂಗಳೂರಿನಲ್ಲಿ ಬಾಡಿಗೆಯ ಕೋಣೆಯಲ್ಲಿದ್ದು ಕೆಲಸ ಮಾಡುತ್ತಿರುವಳು. ಹಬ್ಬಕ್ಕೆ ಬಂದರೆ ತೌರಿಗೆ ಅತಿಥಿ. ತಂದೆ ಮಾತ್ರ ಅರ್ಜಿ ಹಾಕಲಿಲ್ಲ. “ನಾನು ಈ ಮನೆ ಬಿಟ್ಟರೆ ಅವ್ವನನ್ನು ಎಲ್ಲಿಗೆ ಕರೆದೊಯ್ಯಲಿ? ಈ ಕ್ಯಾಂಪಿನ ಕಾಡನ್ನು ಕಡಿದವಳು ಅವಳು” ಎಂದರು. ಅವರು ಬಿಟ್ಟರೂ ಮಗನ ದಾರಿ ತೆರೆಯುವುದೆಂಬ ಭರವಸೆಯಿಲ್ಲ. ಮೂಲೆಯಲ್ಲಿ ಕುಳಿತು ಪ್ರಾರ್ಥನಾಚಕ್ರವನ್ನು ತಿರುಗಿಸುತ್ತಿದ್ದ ಮುದುಕಿಗೆ ನಮ್ಮ ಮಾತು ತಿಳಿಯಿತೋ ಇಲ್ಲವೋ ಕಾಣೆವು. ತಾಯಿ ಮಾತ್ರ ತಲೆ ತಗ್ಗಿಸಿ, “ನನ್ನಿಂದಲೇ ಇವನಿಗೆ ಹೀಗಾಯಿತು” ಎಂದಳು. “ಹಾಗನ್ನಬೇಡ ಅಮ್ಮ, ನೀನು ಬರದಿದ್ದರೆ ನಾನೆಲ್ಲಿದ್ದೆ?” ಎಂದು ಮಗ ನಕ್ಕನು. ಆ ನಗೆಯಿಂದ ಎಲ್ಲರಿಗೂ ತುಸು ಹಗುರವಾಯಿತು.

ಕೊನೆಗೆ ಅವನು ಹೊರಡಬೇಕಾದುದು ಹಳದಿ ಪುಸ್ತಕದ ಮೇಲೆ. ಭಾರತ ಸರ್ಕಾರವು ಟಿಬೆಟ್ಟಿಗರಿಗೆ ಕೊಡುವ ಗುರುತಿನ ಪತ್ರವದು. ಪಾಸ್‌ಪೋರ್ಟಿನ ಬದಲಿಗೆ ನಡೆಯುವ ರಹದಾರಿ. ಅದಕ್ಕೆ ನೋಂದಣಿ ಪತ್ರ ಬೇಕು. ತಿರುಗಿ ಭಾರತಕ್ಕೆ ಬರಲು ಆಕ್ಷೇಪವಿಲ್ಲವೆಂಬ ಒಪ್ಪಿಗೆ ಬೇಕು. ಟಿಬೆಟ್ಟಿಗರಲ್ಲಿ ಮನೆತನದ ಹೆಸರಿಟ್ಟುಕೊಳ್ಳುವ ಪದ್ಧತಿ ಸಾಮಾನ್ಯವಾಗಿಲ್ಲ. ಆದುದರಿಂದ ತಂದೆಯ ಹೆಸರಿಗೂ ಮಗನ ಹೆಸರಿಗೂ ಹೋಲಿಕೆ ಕಾಣದೆ, ಇವರು ತಂದೆಮಕ್ಕಳೆಂಬುದನ್ನೂ ಕಾಗದದಿಂದಲೇ ತೋರಿಸಬೇಕು. ಇಷ್ಟೆಲ್ಲ ಆದ ಮೇಲೆ ವೀಸಾ ಅಧಿಕಾರಿಯು, ಓದು ಮುಗಿದೊಡನೆ ಹಿಂದಿರುಗುವೆಯೋ ಎಂದು ಕೇಳುವನು. ಹಿಂದಿರುಗಲು ನಿನಗೊಂದು ದೇಶವುಂಟೋ ಎಂಬುದೇ ಆ ಪ್ರಶ್ನೆಯ ತಿರುಳು. ಅವನ ದೇಶ ಈ ಮೆಕ್ಕೆಜೋಳದ ಹೊಲ, ಈ ಅಜ್ಜಿ, ಈ ಕನ್ನಡ. ಅದನ್ನು ಬರೆಯಲು ಅರ್ಜಿಯಲ್ಲಿ ಸ್ಥಳವಿಲ್ಲ.

ಸಂಜೆ ಹುಡುಗ ನಮ್ಮನ್ನು ಬಸ್ಸಿನವರೆಗೆ ಕಳುಹಿಸಲು ಬಂದನು. ಎಂಟು ದಿನಗಳಲ್ಲಿ ಸಂದರ್ಶನವೆಂದೂ, ಅಂದಿಗೆ ತಪ್ಪಿದರೆ ಒಂದು ವರ್ಷ ಕಳೆದುಹೋಗುವುದೆಂದೂ ಹೇಳಿದನು. ಒಳ್ಳೆಯದಾಗಲೆಂದು ಹರಸಿ ಬಸ್ಸನ್ನೇರಿದೆವು. ನಮ್ಮಲ್ಲಿ ಮನೆ ಬಿಡುವವರು ಎಂದೂ “ಹೋಗುತ್ತೇನೆ” ಎನ್ನುವುದಿಲ್ಲ, “ಹೋಗಿಬರುತ್ತೇನೆ” ಎನ್ನುವರು. ಆ ಹುಡುಗನೂ ಅಮ್ಮನಿಗೆ ಹಾಗೆಯೇ ಹೇಳಿ ಹೊರಡುವನು. ಆದರೆ ಅವನು ಆ ಮಾತಿಗೂ ಮುದ್ರೆಯೊತ್ತಿಸಿಕೊಂಡು ಬರಬೇಕು.