ಸ್ಕ್ಯಾನಿಂಗ್ ಅಂದರೆ ಬಸುರಿಗೆ ಮಾತ್ರವಲ್ಲ

ಕೆಜಿಎಫ್, ಬಂಗಾರಪೇಟೆ ಕಡೆ ಹೆಣ್ಣುಮಗಳು ಸ್ಕ್ಯಾನಿಂಗ್‌ಗೆ ಕೂತಿದ್ದರೆ ನೋಡಿದವರು ಕೇಳುವುದು ಒಂದೇ: ‘ಎಷ್ಟು ತಿಂಗಳು?’ ಮದುವೆಯಾಗಿ ನಾಲ್ಕು ವರ್ಷವಾಗಿದ್ದ ನನ್ನ ಅಕ್ಕನಿಗೂ ಹಾಗೇ ಕೇಳಿದರು. ಅವಳು ಹೋಗಿದ್ದು ಮಗು ಯಾಕೆ ಆಗುತ್ತಿಲ್ಲ ಎಂದು ತಿಳಿಯಲು. ಸುಮ್ಮನೆ ತಲೆ ತಗ್ಗಿಸಿದಳು.

ಈ ಪರೀಕ್ಷೆಗೆ ಹೆದರಬೇಕಿಲ್ಲ. ಇದು ಎಕ್ಸ್‌ರೇ ಅಲ್ಲ, ಶಬ್ದದ ಅಲೆ. ಹೊಟ್ಟೆ ಮೇಲಿಂದ ನೋಡುವುದಾದರೆ ನೀರು ಕುಡಿದು ಮೂತ್ರ ತಡೆದಿರಬೇಕು. ಒಳಗಿನಿಂದ ನೋಡುವುದಾದರೆ ಮೂತ್ರ ಮಾಡಿ ಬರಬೇಕು. ಗರ್ಭಕೋಶದ ಗೆಡ್ಡೆ, ಒಳಪದರದ ದಪ್ಪ, ಅಂಡಾಶಯದ ನೀರುಗುಳ್ಳೆ ಕಾಣುತ್ತವೆ. ಅಂಡ ಬೆಳೆಯುವುದನ್ನು ನೋಡಲು ಒಂದು ದಿನ ಬಿಟ್ಟು ಒಂದು ದಿನ ಕರೆಯುತ್ತಾರೆ. ಅಂಡದ ಚೀಲ ಸುಮಾರು 18ರಿಂದ 24 ಮಿಲಿಮೀಟರ್ ಬೆಳೆದು ಒಡೆಯುತ್ತದೆ. ಹಾಗೆ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಗೆ ಹೋದ ದಿನವೆಲ್ಲ ಅಕ್ಕನ ಕೂಲಿ ಹೋಯಿತು.

ಆದರೆ ಗರ್ಭನಾಳ ತೆರೆದಿದೆಯೇ ಎಂದು ಮಾಮೂಲಿ ಸ್ಕ್ಯಾನಿಂಗ್ ಹೇಳುವುದಿಲ್ಲ. ಅದಕ್ಕೆ ಒಳಗೆ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಗಂಡನ ವೀರ್ಯದ ಬಗ್ಗೆಯಂತೂ ಏನೂ ಹೇಳುವುದಿಲ್ಲ.

ಅಕ್ಕನ ರಿಪೋರ್ಟಿನಲ್ಲಿ ತೊಂದರೆ ಕಾಣಲಿಲ್ಲ. ಭಾವನ ಪರೀಕ್ಷೆಯೂ ಆಗಲಿ ಎಂದರು ಡಾಕ್ಟರು. ಅದಕ್ಕೆ ಬೇಕಾದ್ದು 2ರಿಂದ 7 ದಿನದ ಬ್ರಹ್ಮಚರ್ಯ, ಒಂದು ಸಣ್ಣ ಡಬ್ಬಿ. ಸೂಜಿಯೂ ಇಲ್ಲ. ‘ನನಗ್ಯಾಕೆ?’ ಎಂದು ಭಾವ ಮೂರು ತಿಂಗಳು ಮುಂದೂಡಿದರು. ಅಷ್ಟು ದಿನವೂ ‘ಬಂಜೆ’ ಎನ್ನಿಸಿಕೊಂಡವಳು ಅಕ್ಕ. ಭಾವನನ್ನು ಯಾರೂ ಏನೂ ಕೇಳಲಿಲ್ಲ.

ಕೊನೆಗೆ ಭಾವ ಹೋದರು. ವೀರ್ಯಾಣು ಕಡಿಮೆ ಇತ್ತು. ಈಗ ಚಿಕಿತ್ಸೆ ನಡೆಯುತ್ತಿದೆ.

ಒಂದು ವರ್ಷ ಜೊತೆಗಿದ್ದೂ ಬಸುರು ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಡಾಕ್ಟರ ಬಳಿ ಹೋಗಿ. ಒಬ್ಬರೇ ಅಲ್ಲ, ಮೊದಲ ದಿನವೇ ಇಬ್ಬರೂ ಹೋಗಿ.